ನೂಲದ ತಾರವ್ವ ಮತ್ತು ವಿಲಾಯತಿ ಗೂಟ

ತಾರವ್ವನಿಗೆ ಇಂಗ್ಲೆಂಡ್ ಯಾವ ದಿಕ್ಕಿಗಿದೆ ಎಂಬುದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಆ ದೇಶದ ರೈತರ ಕಥೆಯನ್ನು ಇಸವಿ ಸಮೇತ ಹೇಳುತ್ತಿದ್ದೆ. ಹಾಗೆ ಹೇಳಿಯೇ ಒಂದು ಬೇಸಿಗೆ ಅವಳ ಕುರಿಗಳಿಗೆ ರಾತ್ರಿ ಕೂಡ್ರಲು ನೆಲವಿಲ್ಲದಂತೆ ಮಾಡಿದೆ. ಅವಳು ನನ್ನನ್ನು ಬೈದಳು, ದುಡಿಸಿದಳು, ತಿದ್ದಿದಳು, ರೊಟ್ಟಿ ಹಾಕಿದಳು. ಇದರಲ್ಲಿ ಯಾವುದನ್ನೂ ಕಡಿಮೆ ಮಾಡಲಿಲ್ಲ. ಅದಕ್ಕೇ ಈ ಬರಹ.

ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ ತಾಲೂಕಿನ ನೂಲ ಅವಳೂರು. ಅಡುಗೆಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಕುರಿಗಳ ಹತ್ತಿರ ಎರಡೂ ಅಲ್ಲದ ಒಂದು ಗಂಟಲ ಭಾಷೆ. ಗಂಡ ಸಿದ್ದರಾಯ ಕಂಬಳಿ ನೇಯುತ್ತಿದ್ದ. ಹರೆಯದಲ್ಲಿ ಕಾಲ ಮೇಲೆ ಗಾಡಿ ಹಾಯ್ದು ಅವನಿಗೆ ದೂರದ ನಡಿಗೆ ಆಗುತ್ತಿರಲಿಲ್ಲ. ಹಾಗಾಗಿ ಎಂಬತ್ತು ಕುರಿಗಳ ಹಿಂಡು ತಾರವ್ವನ ಹೆಗಲಿಗೆ ಬಂತು. ತಮ್ಮ ಜೋತಿಬಾನನ್ನು ಜೊತೆಗೆ ಕಟ್ಟಿಕೊಂಡು, ಮಳೆಗಾಲ ಮೂಡಣದ ಒಣ ಸೀಮೆಯಲ್ಲಿ ಕಳೆದು, ದೀಪಾವಳಿ ದಾಟಿದ ಮೇಲೆ ಊರೂರಿನ ಹೊಲಗಳಲ್ಲಿ ತಂಗುತ್ತ, ಹೋಳಿಯ ಹೊತ್ತಿಗೆ ನೂಲಕ್ಕೆ ಬಂದು ಮುಟ್ಟುತ್ತಿದ್ದಳು. ಕುಳ್ಳಗಿನ ಹೆಂಗಸು, ದೊಡ್ಡ ಹೆಜ್ಜೆ. ಸೆರಗಿನ ಮೇಲೊಂದು ಕಂಬಳಿ, ಕೈಯಲ್ಲೊಂದು ಬಡಿಗೆ. ಆ ಬಡಿಗೆ ಕುರಿಗಿಂತ ಹೆಚ್ಚಾಗಿ ಮನುಷ್ಯರ ಕಡೆಗೆ ಏಳುತ್ತಿತ್ತು.

ನಮ್ಮ ಕಡೆ ರೈತರು ಕುರಿ ಹಿಂಡನ್ನು ಹೊಲಕ್ಕೆ ಕರೆಸಿ ಕೂಡ್ರಿಸುತ್ತಾರೆ. ಸುತ್ತ ಗೂಟ ಬಡಿದು ಬಲೆ ಕಟ್ಟಿ, ರಾತ್ರಿಯೆಲ್ಲ ಕುರಿ ಅಲ್ಲೇ ಮಲಗಿದರೆ ಅದರ ಹಿಕ್ಕೆ, ಉಚ್ಚೆ ಎಲ್ಲ ಭೂಮಿಗೆ. ಮರುದಿನ ಬಲೆ ಕಿತ್ತು ಪಕ್ಕದ ತುಂಡಿಗೆ. ಹೊಲದವನು ಕುರಿಯವರಿಗೆ ಜೋಳ ಕೊಡುತ್ತಾನೆ, ಊಟ ಕೊಡುತ್ತಾನೆ. ಯಾವ ಹಿಂಡು ಯಾವ ಹೊಲದಲ್ಲಿ ಎಂಬುದು ಅಜ್ಜಂದಿರ ಕಾಲದಿಂದ ನಿಂತುಬಿಟ್ಟಿರುತ್ತದೆ. ಒಬ್ಬರ ಹೊಲಕ್ಕೆ ಇನ್ನೊಬ್ಬರ ಹಿಂಡು ಹೋಗುವುದಿಲ್ಲ. ಇನ್ನೊಂದು ಕಟ್ಟು ಇದಕ್ಕಿಂತ ಬಿಗಿ: ಹೊಲದವನು ತಾನೇ ನಡೆದು ಬಂದು, ಮುಂದಿನ ಟಗರಿನ ಹಣೆಗೆ ಭಂಡಾರ, ಅಂದರೆ ದೇವರ ಅರಿಸಿನ, ಹಚ್ಚಿ ಕರೆಯಬೇಕು. ಕುರಿಯವರು ಕೇಳಿಕೊಂಡು ಹೋಗುವುದಿಲ್ಲ. ನೂಲದಲ್ಲಿ ತಾರವ್ವನ ಹಿಂಡಿಗೆ ಮೊದಲ ಕರೆ ಭೂಪಾಲನದು. ಜೈನರ ಮನೆತನ, ಆರೆಕರೆ ನೆಲ, ಶೇಂಗಾ, ಜೋಳ. ಅವನು ಕರೆದ ಮೇಲೆ ಉಳಿದ ಏಳೆಂಟು ಮನೆಯವರು.

ಇದೊಂದೂ ನನಗೆ ಗೊತ್ತಿರಲಿಲ್ಲ. ನಾನು ಆಗ ಇಚಲಕರಂಜಿಯಲ್ಲಿ ಮಗ್ಗದ ಕಾರ್ಮಿಕರ ಸಂಘಟನೆಯಲ್ಲಿದ್ದೆ. ಒಂದು ಚಹದಂಗಡಿಯ ಹಿಂದಿನ ಕೋಣೆಯಲ್ಲಿ ವಾರಕ್ಕೊಮ್ಮೆ ಅಭ್ಯಾಸ ವರ್ಗ ನಡೆಸುತ್ತಿದ್ದೆ, ಅರ್ಧ ಮರಾಠಿ, ಅರ್ಧ ಕನ್ನಡ. ಗೋಡೆಗೆ ಒಂದು ಬಟ್ಟೆಯ ನಕ್ಷೆ ತೂಗುಹಾಕಿದ್ದೆ. ಅಂಗಡಿಗಳಿಗೆ ಬೋರ್ಡ್ ಬರೆಯುವ ಪೇಂಟರ್ ಬರೆದದ್ದು. ಐದು ಮೆಟ್ಟಿಲು. ಕೆಳಗಿನ ಮೆಟ್ಟಿಲಲ್ಲಿ ಬಡಿಗೆ ಹಿಡಿದ ಕುರುಬ, ನಾಲ್ಕು ಕುರಿ. ಅದರ ಮೇಲೆ ಗುಲಾಮ, ಅದರ ಮೇಲೆ ಜಮೀನ್ದಾರ, ಅದರ ಮೇಲೆ ಹೊಗೆ ಉಗುಳುವ ಚಿಮಣಿ, ತುದಿಯಲ್ಲಿ ಕೆಂಪು ಸೂರ್ಯ. ಜಗತ್ತೆಲ್ಲ ಇದೇ ಮೆಟ್ಟಿಲು ಹತ್ತಬೇಕು, ಯುರೋಪು ಮುಂದೆ ಹತ್ತಿದೆ, ನಾವು ಹಿಂದೆ ಇದ್ದೇವೆ ಎಂದು ಪುಸ್ತಕ ಹೇಳುತ್ತಿತ್ತು. ನಾನು ಪುಸ್ತಕವನ್ನು ಹೇಳುತ್ತಿದ್ದೆ.

ವರ್ಗಕ್ಕೆ ಬರುವವರಲ್ಲಿ ನೂಲದ ಮಲ್ಲಾರಿ ಎಂಬ ಹುಡುಗ ಚುರುಕಿನವನು. ಊರಿನ ದೊಡ್ಡ ಜಮೀನಿನ ಆಬಾಸಾಹೇಬ ಅವನಪ್ಪನನ್ನು ಪಾಲಿನ ಹೊಲದಿಂದ ಎಬ್ಬಿಸಿದ್ದಕ್ಕೆ ಅವನು ಮಗ್ಗಕ್ಕೆ ಬಂದಿದ್ದ. ೧೯೭೪ರ ಮಾಘದಲ್ಲಿ ಆಬಾಸಾಹೇಬ ಇನ್ನೂ ನಾಲ್ಕು ಮನೆಗಳನ್ನು ಎಬ್ಬಿಸಲು ಹೊರಟಾಗ ಮಲ್ಲಾರಿ ನನ್ನನ್ನು ಊರಿಗೆ ಕರೆದೊಯ್ದ. ಚಾವಡಿಯ ಮುಂದೆ ಜನ ಸೇರಿದ್ದರು. ನಾನು ಇಂಗ್ಲೆಂಡಿನಿಂದ ಶುರುಮಾಡಿದೆ.

ಆ ದೇಶದಲ್ಲಿ ಜಮೀನ್ದಾರರು ಉಣ್ಣೆಯ ಆಸೆಗೆ ಬಿದ್ದು ಹೊಲಗಳಿಗೆ ಬೇಲಿ ಹಾಕಿದರು, ರೈತರನ್ನು ಎಬ್ಬಿಸಿ ಕುರಿ ಬಿಟ್ಟರು, ಎದ್ದ ರೈತರು ಗಿರಣಿಯ ಪಾಲಾದರು ಎಂದೆ. ಇದು ನಡೆದದ್ದು ನಿಜ. ನಿಜವನ್ನು ಅಲ್ಲಿಗೇ ಬಿಡದೆ, "ಮೊದಲು ಕುರಿ ಬರುತ್ತದೆ, ಆಮೇಲೆ ಬೇಲಿ ಬರುತ್ತದೆ, ಆಮೇಲೆ ನೀವು ರಸ್ತೆಗೆ ಬರುತ್ತೀರಿ" ಎಂದು ಕೈ ಎತ್ತಿ ಹೇಳಿದೆ. ಚಪ್ಪಾಳೆ ಬಿತ್ತು. ಮಲ್ಲಾರಿ ಮತ್ತು ಅವನ ಗೆಳೆಯರು ಮನೆಮನೆಗೆ ಹೋಗಿ, ಈ ವರ್ಷದಿಂದ ನೂಲದ ಹೊಲಗಳಲ್ಲಿ ಕುರಿ ಕೂಡ್ರಿಸುವುದಿಲ್ಲ ಎಂದು ಎಲ್ಲರಿಂದ ಮಾತು ತೆಗೆದುಕೊಂಡರು. ಭೂಪಾಲ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಆಬಾಸಾಹೇಬ ನಾಲ್ಕು ಮನೆಗಳ ವಿಷಯದಲ್ಲಿ ಸದ್ಯಕ್ಕೆ ಹಿಂದೆ ಸರಿದ. ನಾನು ಗೆದ್ದೆವೆಂದುಕೊಂಡು ಇಚಲಕರಂಜಿಗೆ ಬಂದೆ. ಗಡಹಿಂಗ್ಲಜದಲ್ಲಿ ಸರಕಾರಿ ಗೊಬ್ಬರದ ಚೀಲ ಮಾರುವ ಅಂಗಡಿ ಅದೇ ಆಬಾಸಾಹೇಬನದು ಎಂಬುದು ನನಗೆ ತಿಳಿದದ್ದು ಆಮೇಲೆ.

ಹೋಳಿಗೆ ತಾರವ್ವ ಬಂದಳು. ಯಾರೂ ಕರೆಯಲಿಲ್ಲ. ಒಂದು ವಾರ ಊರ ಹೊರಗೆ ಕಾದಳು, ಆಮೇಲೆ ಹಿಂಡನ್ನು ಗಡಹಿಂಗ್ಲಜದ ಹತ್ತಿರ ಹಿರಣ್ಯಕೇಶಿ ಹೊಳೆಯ ದಂಡೆಗೆ ಹೊಡೆದುಕೊಂಡು ಹೋದಳು. ಮಹಾಗಾಂವದ ಕಡೆ ಹೊಲಗಳಿದ್ದವು, ಆದರೆ ಅವು ಬೇರೆ ಹಿಂಡುಗಳವು. ದಂಡೆಯ ಕಲ್ಲು ಹುಲ್ಲಿನಲ್ಲಿ ಎಷ್ಟು ದಿನ? ಹನ್ನೊಂದು ಕುರಿ ಸಂತೆಗೆ ಹೋದವು.

ಒಂದು ರಜೆಯ ದಿನ ಇಚಲಕರಂಜಿಯ ಕೋಣೆಯಲ್ಲಿ ವರ್ಗ ನಡೆದಿತ್ತು. ಬಾಗಿಲಲ್ಲಿ ಒಂದು ಬಡಿಗೆ ಕಂಡಿತು, ಅದರ ಹಿಂದೆ ಹೆಂಗಸು.

"ಇಲ್ಲಿ ಇಂಗ್ಲೆಂಡ ಮಾಸ್ತರ ಯಾರು?"

ಮಲ್ಲಾರಿ ಎದ್ದು ನಿಂತ. "ತಾರತ್ತಿ, ನೀ ಯಾಕ ಇಲ್ಲಿತನಾ ಬಂದಿ?"

"ನಿನ್ನ ಹಂತೇಕ ಬಂದಿಲ್ಲೋ. ನಿನ್ನ ತಲ್ಯಾಗ ತುಂಬಿದಾಂವನ ಹಂತೇಕ ಬಂದೇನಿ. ನಿಪ್ಪಾಣ್ಯಾಗ ಬಸ್ ಬದಲ ಮಾಡಿ ಬಂದೇನಿ. ಮೊದ್ಲ ನೀರ ಕೊಡ."

ನೀರು ಕುಡಿದಳು. ನಕ್ಷೆಯ ಬುಡದಲ್ಲೇ ಕುಳಿತು ಕತ್ತೆತ್ತಿ ನೋಡಿದಳು. "ತಮ್ಮಾ, ಈ ಕೆಳಗಿನ ಮೆಟ್ಟಲದಾಗ ಬಡಿಗಿ ಹಿಡದ ನಿಂತಾಂವ ಯಾರು?"

"ಕುರಿ ಕಾಯಾಂವ ಅಕ್ಕಾರ. ಭಾಳ ಹಿಂದಿನ ಕಾಲದಾಂವ. ಮನಷ್ಯಾ ಮೊದಲ ಹಂಗ ಇದ್ದ."

"ಹಿಂದಿನ ಕಾಲದಾಂವಾ? ನಮ್ಮ ಮನ್ಯಾವರಂಗ ಕಾಣತಾನಲ್ಲೋ. ಅವರು ಇವತ್ತ ಮುಂಜಾನಿ ಎರಡ ರೊಟ್ಟಿ ತಿಂದ ಮಗ್ಗದ ಕುಣ್ಯಾಗ ಕುಂತಾರ. ಹಿಂದಿನ ಕಾಲಕ್ಕ ಯಾವಾಗ ಹೋದ್ರು? ನನಗೊಂದ ಮಾತ ಹೇಳಬಾರದ?"

ಕೋಣೆ ನಕ್ಕಿತು. ನಾನು ನಗಲಿಲ್ಲ. ಬಂದ ಕಾರಣ ಕೇಳಿದೆ. ಅವಳು ಹೇಳಿದಳು. ನಾನು ಇಂಗ್ಲೆಂಡಿನ ಕಥೆಯನ್ನು ಮತ್ತೆ ಮೊದಲಿಂದ ಬಿಡಿಸಿ ಹೇಳಿದೆ. ಅವಳು ಮಧ್ಯೆ ಬಾಯಿ ಹಾಕದೆ ಪೂರಾ ಕೇಳಿದಳು. ಅಷ್ಟು ಗಮನವಿಟ್ಟು ಆ ಕಥೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

"ಆ ಊರಾಗ ಕುರಿ ಯಾರವು?"

"ಜಮೀನ್ದಾರರವು."

"ಹೊಲಾ?"

"ಅವೂ ಅವರವ."

"ಮಲ್ಲಾರಿ, ನನಗ ಎಷ್ಟ ಹೊಲಾ ಐತೋ?"

"ಎಲ್ಲಿದ ಅತ್ತಿ. ಇಲ್ಲ."

"ಆಬಾಸಾಹೇಬಗ ಎಷ್ಟ ಕುರಿ ಅದಾವ?"

"ಒಂದೂ ಇಲ್ಲ."

"ಮತ್ತ ಬೇಲಿ ಯಾರ ಹಾಕಾವ್ರು? ನನ್ನ ಟಗರೇನು?"

ಈ ಸಲ ಮಲ್ಲಾರಿಯೂ ನಕ್ಕ. ನಾನು ಸೋಲಲು ಒಪ್ಪಲಿಲ್ಲ. "ಇವತ್ತ ಇಲ್ಲದಿದ್ರೂ ಮುಂದ ಹಂಗ ಆಗತೈತಿ ಅಕ್ಕಾರ. ಎಲ್ಲಾ ದೇಶಾನೂ ಇದ ಮೆಟ್ಟಲಾ ಹತ್ತಬೇಕು."

"ಯಾರ ಕಟ್ಟಿದ್ದ ಮೆಟ್ಟಲಾ ಇದು?"

ಪೇಂಟರ್ ಎನ್ನಲಾಗಲಿಲ್ಲ, ಪುಸ್ತಕದವರು ಎನ್ನಲೂ ಆಗಲಿಲ್ಲ. ಸುಮ್ಮನಿರಬೇಕಿತ್ತು. ಇರದೆ, "ನೀವ ಹೋಗಿ ಭೂಪಾಲಣ್ಣಾರಿಗೆ ಒಂದ ಮಾತ ಕೇಳಬಹುದಲ್ರಿ?" ಎಂದೆ.

ಅವಳ ಮುಖ ಮೊದಲ ಸಲ ಗಟ್ಟಿಯಾಯಿತು. ಮಲ್ಲಾರಿ ನೆಲ ನೋಡಿದ. ಕರೆಯದೆ ಹೋಗಬಾರದೆಂಬ ಕಟ್ಟು ಅವನಿಗೆ ಗೊತ್ತಿತ್ತು. ನನಗೆ ಅದನ್ನು ಯಾರೂ ಹೇಳಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. "ನಮ್ಮತ್ತಿ ಕೇಳಿಲ್ಲ, ಅವರತ್ತಿ ಕೇಳಿಲ್ಲ. ನಾ ಕೇಳಿದ್ರ ನಾಳೆ ಎಲ್ಲಾ ಹಿಂಡಿನವರೂ ಬಾಗಲಾ ಕಾಯಬೇಕು," ಎಂದಳು. "ನೀ ಕಟ್ಟಿದ ಗಂಟು ನೀನ ಬಿಚ್ಚು. ಎಂಟ ದಿನ ನನ್ನ ಹಿಂಡಿನಾಗ ಬಂದ ಇರು. ಕಣ್ಣಲೆ ನೋಡಿದ ಮ್ಯಾಲೂ ಕುರಿ ವೈರಿ ಅನಸಿದ್ರ ಅನ್ನು. ನಾ ಮುಂದಿನ ಸಂತಿಗೆ ಎಲ್ಲಾ ಮಾರಿ, ನಿನ್ನ ಚಿಮಣಿ ಮೆಟ್ಟಲಕ್ಕ ಬಂದ ಕುಂದರತೀನಿ."

ಹೋದೆ. ಹೋಗದೆ ಇರುವಂತಿರಲಿಲ್ಲ, ಕೋಣೆಯಲ್ಲಿ ಇಪ್ಪತ್ತು ಜನ ನೋಡುತ್ತಿದ್ದರು.

ಹಿರಣ್ಯಕೇಶಿಯ ದಂಡೆಯಲ್ಲಿ ಅವಳು ನನ್ನಿಂದ ಮಾಡಿಸದ ಕೆಲಸವಿಲ್ಲ. ಬಲೆ ಹೊರಿಸಿದಳು, ಮರಿಗಳನ್ನು ಹೊರಿಸಿದಳು, ಕುರಿಯ ಗೊರಸಿನಿಂದ ಮುಳ್ಳು ತೆಗೆಯಲು ಕಲಿಸಿದಳು. ಗೂಟ ಬಡಿಯಲು ಕೊಟ್ಟಳು. ನಾನು ಬಡಿದದ್ದು ಸೊಟ್ಟ. ಅವಳು ಒಮ್ಮೆ ಒದ್ದು ನೋಡಿದಳು, ಅದು ಮಲಗಿತು. "ಇದು ವಿಲಾಯತಿ ಗೂಟ," ಎಂದಳು, "ನೋಡಾಕ ನಿಂತಿರತೈತಿ." ಜೋತಿಬಾ ಎರಡು ದಿನ ಇದನ್ನೇ ಹೇಳಿಕೊಂಡು ನಕ್ಕ.

ಐದನೆಯ ದಿನ ಬೆಳಿಗ್ಗೆ ನನ್ನನ್ನು ನೂಲಕ್ಕೆ ಕರೆದುಕೊಂಡು ಹೊರಟಳು. ಭೂಪಾಲನ ಹೊಲದ ಬದುವಿನಾಚೆ, ರಸ್ತೆಯ ಮೇಲೆ ನಿಂತಳು. ಒಳಗೆ ಕಾಲಿಡಲಿಲ್ಲ. "ನೀ ಹೋಗ. ನೀ ಕುರಿಯಾಂವ ಅಲ್ಲ, ನಿನಗ ಅಡ್ಡಿ ಇಲ್ಲ," ಎಂದು ನನ್ನನ್ನು ತಳ್ಳಿದಳು. ಬಾವಿಯ ಹತ್ತಿರ ಒಂದು ಪಟ್ಟಿ ನೆಲವಿತ್ತು. ಕುರಿ ಬಾವಿಗೆ ಬೀಳುತ್ತವೆಂದು ಆ ಪಟ್ಟಿಯಲ್ಲಿ ಎಂದೂ ಬಲೆ ಕಟ್ಟುತ್ತಿರಲಿಲ್ಲ. ಜೋಳ ಕೊಯ್ದ ಕೂಳೆ ಹಾಗೇ ನಿಂತಿತ್ತು. ಪಟ್ಟಿಯಲ್ಲಿ ನನ್ನ ಕಿರುಬೆರಳಿನ ದಪ್ಪ, ಉಳಿದ ಕಡೆ ಹೆಬ್ಬೆರಳಿನ ದಪ್ಪ. ನೀರು ಹತ್ತಿರವಿದ್ದ ನೆಲವೇ ಸೊರಗಿತ್ತು. ಬಗ್ಗಿ ಮಣ್ಣು ಹಿಡಿದೆ. ಪಟ್ಟಿಯಲ್ಲಿ ಹೆಂಟೆ, ಕುರಿ ಕೂತ ಕಡೆ ಪುಡಿ. ಪುಸ್ತಕ ಓದಲು ಬರುವವನಿಗೆ ಇದನ್ನು ಓದುವುದು ಕಷ್ಟವಲ್ಲ.

ಭೂಪಾಲ ಬಾವಿಯ ಕಟ್ಟೆಯ ಮೇಲೆ ಕುಳಿತಿದ್ದ. "ನೋಡಿದ್ರೇನ್ರಿ ಮಾಸ್ತರ?"

"ನೋಡಿದೆ ಭೂಪಾಲಣ್ಣಾ. ಆವತ್ತ ಯಾಕ ಹೇಳಲಿಲ್ಲ ನನಗ?"

"ನೀವು ಎಷ್ಟೋ ವರಸದ ಹಿಂದಿನ ಇಸವಿ ಹೇಳಾಕತ್ತಿದ್ರಿ. ನನಗ ಹೋದ ವರಸದ ಪೀಕಿನ ಸುದ್ದಿ ಅಷ್ಟ ಗೊತ್ತ. ಅಷ್ಟ ದೊಡ್ಡ ಮಾತಿನ ನಡಬರಕ ಇಷ್ಟ ಸಣ್ಣ ಮಾತ ಹೆಂಗ ಆಡೂದು?" ಆಮೇಲೆ ದನಿ ತಗ್ಗಿಸಿ, "ಆಬಾಸಾಹೇಬನ ಅಂಗಡ್ಯಾಗ ಗೊಬ್ಬರದ ಚೀಲಾ ಹೇಳಿ ಎರಡ ತಿಂಗಳಾತು. ಬಂದಿಲ್ಲ. ಈ ವರಸ ಎಲ್ಲಿನೂ ಇಲ್ಲಂತ. ತಾರವ್ವ ರಸ್ತಾದ ಮ್ಯಾಲ ನಿಂತಾಳ, ನನಗ ಕಾಣತೈತ್ರಿ. ಆದ್ರ ಊರ ಮುಂದ ಮಾತ ಕೊಟ್ಟಂಗ ಆಗೇತಿ. ನಾ ಒಬ್ಬಾಂವ ಹೆಂಗ ಮುರೀಲಿ?"

ಜಮೀನ್ದಾರನ ವಿರುದ್ಧ ಭಾಷಣ ಮಾಡಿ ನಾನು ಆ ಊರಿನ ಸಣ್ಣ ರೈತರನ್ನು ಜಮೀನ್ದಾರನ ಅಂಗಡಿಯ ಬಾಗಿಲಿಗೆ ಅಟ್ಟಿದ್ದೆ. ಇದಕ್ಕಿಂತ ಚೆನ್ನಾಗಿ ಆಬಾಸಾಹೇಬನ ಏಜೆಂಟನೂ ಮಾಡಲಾರ.

ಸಂತೆಗೆ ಮೂರು ದಿನ ಉಳಿದಿತ್ತು. ಮಾರನೆಯ ಸಂಜೆ ಚಾವಡಿಯ ಮುಂದೆ ಮತ್ತೆ ಜನ ಸೇರಿದರು. ಮಲ್ಲಾರಿಯೂ ಇಚಲಕರಂಜಿಯಿಂದ ಬಂದಿದ್ದ. ತಾರವ್ವ ಹೆಂಗಸರ ಜೊತೆ ಬೇವಿನ ಮರದ ಕೆಳಗೆ ನಿಂತಿದ್ದಳು. ನಾನು ಹೆಚ್ಚು ಮಾತಾಡಲಿಲ್ಲ. "ನಾನು ಹೇಳಿದ್ದು ಇಂಗ್ಲೆಂಡಿನ ಕಥೆ. ಅಲ್ಲಿ ಕುರಿಯೂ ಹೊಲವೂ ಒಬ್ಬನದೇ. ಇಲ್ಲಿ ಹೊಲ ನಿಮ್ಮದು, ಕುರಿ ಇವರದು, ಗೊಬ್ಬರ ಇಬ್ಬರನ್ನೂ ಸಾಕುತ್ತದೆ. ನೋಡದೆ ಹೇಳಿದೆ. ತಪ್ಪಾಯಿತು. ಕುರಿ ಬೇಡವೆಂದ ಮಾತನ್ನು ವಾಪಸು ತೆಗೆದುಕೊಳ್ಳುತ್ತೇನೆ, ನೀವೂ ತೆಗೆದುಕೊಳ್ಳಿ," ಎಂದೆ.

ಮಲ್ಲಾರಿಗೆ ಸಿಟ್ಟು ಬಂತು, ಬರುವಂಥದ್ದೇ. "ನಿಮ್ಮ ಮಾತ ಕೇಳಿ ನಾ ಮನಿಮನಿ ತಿರಗೇನ್ರಿ! ಆವತ್ತ ಹೇಳಿದ್ದೆಲ್ಲಾ ಸುಳ್ಳೇನು ಹಂಗಾರ?"

ಬೇವಿನ ಮರದ ಕಡೆಯಿಂದ ಉತ್ತರ ಬಂತು.

"ಸುಳ್ಳಲ್ಲೋ ಮಲ್ಲಾರಿ. ಆ ಊರಿನ ರೈತರಿಗೆ ಅದು ಖರೇನ ಆಗೇತಿ. ಪಾಪ, ಅವರ ಮನಿ ಹಾಳಾಗ್ಯಾವ. ಈ ತಮ್ಮಾ ಅವರ ದುಃಖಾ ಹೊತ್ತಗೊಂಡ ಬಂದ ನಮ್ಮ ಅಂಗಳದಾಗ ಇಳಿಸ್ಯಾನ, ಅಷ್ಟ. ನಿಮ್ಮಪ್ಪನ ಹೊಲಾ ಕಸಗೊಂಡಾಂವ ಯಾರು? ಅವನ ಹೆಸರ ಹಿಡದ ಮಾತಾಡ. ನನ್ನ ಕುರಿ ಹೆಸರ ಬಿಡ."

ಆಬಾಸಾಹೇಬನ ಮುನೀಮ ಚಾವಡಿಯ ಕಂಬಕ್ಕೆ ಒರಗಿ ನಿಂತಿದ್ದವನು ಮೆಲ್ಲಗೆ ಜಾಗ ಖಾಲಿ ಮಾಡಿದ. ಭೂಪಾಲ ಎದ್ದು ಪಂಚೆ ಕೊಡವಿಕೊಂಡ. "ನಾಳೆ ನಾ ಹೋಗತೀನ್ರಿ ಕರ್ಯಾಕ. ಯಾರರ ಬರತೀರಿದ್ರ ಬರ್ರಿ," ಎಂದಷ್ಟೇ ಹೇಳಿ ಮನೆಗೆ ನಡೆದ.

ಬೆಳಿಗ್ಗೆ ಭೂಪಾಲ ಹೊಳೆಯ ದಂಡೆಗೆ ಬಂದ. ಜೊತೆಗೆ ಆರು ಜನ. ಮಲ್ಲಾರಿ ಎಲ್ಲರಿಗಿಂತ ಹಿಂದೆ, ಮುಖ ಗಂಟು ಹಾಕಿಕೊಂಡು. ಭೂಪಾಲ ಟಗರಿನ ಹಣೆಗೆ ಭಂಡಾರ ಹಚ್ಚಿದ. "ಹೊಲಾ ಕಾಯಾಕತ್ತೇತಿ, ನಡೀರಿ ತಾರವ್ವಾ," ಎಂದ. ಅವಳು ಏನೂ ಆಗಿಲ್ಲವೆಂಬಂತೆ, "ಈ ವರಸ ಭಾಳ ತಡಾ ಆತ್ರಿ ನಿಮ್ಮದು," ಎಂದಳು. ಅಷ್ಟೇ. ಯಾರೂ ಅಳಲಿಲ್ಲ, ಯಾರೂ ಕಾಲಿಗೆ ಬೀಳಲಿಲ್ಲ. ಮಾರಿದ ಹನ್ನೊಂದು ಕುರಿ ತಿರುಗಿ ಬರಲಿಲ್ಲ. ಮಳೆಗೆ ಮೊದಲು ಮೂವತ್ತೈದು ದಿನ ಸಿಕ್ಕವು. ಅಷ್ಟರಲ್ಲಿ ಎಲ್ಲ ಹೊಲಗಳಲ್ಲೂ ಕುರಿ ಕೂಡ್ರಿಸಲಾಗಲಿಲ್ಲ. ಆಬಾಸಾಹೇಬನ ಜೊತೆಗಿನ ಜಗಳ ಇನ್ನೂ ಆರು ವರ್ಷ ನಡೆಯಿತು. ಅದರಲ್ಲಿ ಭೂಪಾಲನಂಥವರೂ ತಾರವ್ವನಂಥವರೂ ಒಂದೇ ಕಡೆ ನಿಂತರು. ನನ್ನ ಮೊದಲ ಭಾಷಣವನ್ನೇ ನಂಬಿಕೊಂಡಿದ್ದರೆ ಅವರು ಎದುರುಬದುರು ನಿಲ್ಲುತ್ತಿದ್ದರು.

ಇಚಲಕರಂಜಿಗೆ ಹಿಂತಿರುಗಿ ನಕ್ಷೆ ಇಳಿಸಿದೆ. ಬಟ್ಟೆ ಗಟ್ಟಿಯಿತ್ತು, ಹಿಂಬದಿಗೆ ಕೂಲಿ ಏರಿಕೆಯ ಘೋಷಣೆ ಬರೆಸಿ ಮೆರವಣಿಗೆಗೆ ಒಯ್ದೆವು. ಪುಸ್ತಕವನ್ನು ಎಸೆಯಲಿಲ್ಲ. ಆ ದೇಶದ ಬಡವರ ಕಥೆ ಓದಬೇಕಾದ ಕಥೆಯೇ. ಆದರೆ ಪ್ರತಿ ಪುಟಕ್ಕೂ ಹಿಂದಿನ ಸಾಲಿನಿಂದ ಯಾರಾದರೂ, "ಇದು ಯಾವೂರ ಸುದ್ದಿರಿ ಮಾಸ್ತರ?" ಎಂದು ಕೇಳುವ ರೂಢಿ ಬಿತ್ತು. ಒಂದು ದಿನ ಮಲ್ಲಾರಿ, "ಅವರ ಗಿರಣಿಗೆ ಹತ್ತಿ ಎಲ್ಲಿಂದ ಬರತಿತ್ರಿ?" ಎಂದ. ಪುಸ್ತಕದಲ್ಲಿ ಅದಕ್ಕೆ ಎರಡೇ ಸಾಲು ಇತ್ತು. ಆ ಎರಡು ಸಾಲಿಗೆ ನಾವು ಮೂರು ವಾರ ಕೊಟ್ಟೆವು. ಅಂಥ ವರ್ಗ ನಾನು ಅದಕ್ಕೆ ಮೊದಲು ನಡೆಸಿರಲಿಲ್ಲ.

ಮುಂದೊಂದು ಸಲ ಮಗ್ಗಗಳು ಇಪ್ಪತ್ತು ದಿನ ನಿಂತಾಗ, ತಾರವ್ವ ಎಸ್‌ಟಿ ಬಸ್ಸಿನ ಮೇಲೆ ಎರಡು ಚೀಲ ಜೋಳ ಹಾಕಿಕೊಂಡು ಬಂದು ನಮ್ಮ ಅಡುಗೆಯ ಜಾಗದಲ್ಲಿ ಇಳಿಸಿದಳು. "ಕುರಿ ದುಡದದ್ದು. ಹಿಂದಿನ ಕಾಲದ್ದು ಅಂತ ಬಿಡಬ್ಯಾಡ್ರಿ, ಈ ವರಸದ್ದ ಐತಿ." ಅದರ ರೊಟ್ಟಿ ನಾನೂ ತಿಂದಿದ್ದೇನೆ. ಸಿದ್ದರಾಯ ನೇಯ್ದ ಕಂಬಳಿ ಇವತ್ತೂ ನನ್ನ ಹಾಸಿಗೆಯ ಮೇಲಿದೆ. ಚುಚ್ಚುತ್ತದೆ, ಬೆಚ್ಚಗಿಡುತ್ತದೆ.

೧೯೮೩ರಲ್ಲಿ ಕೊಲ್ಹಾಪುರದಲ್ಲಿ ದೊಡ್ಡ ಮೋರ್ಚಾ. ದಸರಾ ಚೌಕದಲ್ಲಿ ಸಭೆ. ಗಡಹಿಂಗ್ಲಜದ ಕಡೆಯಿಂದ ಲಾರಿ ತುಂಬ ಜನ ಬಂದಿದ್ದರು, ಕುರಿಯವರು ಕಂಬಳಿ ಹೆಗಲಿಗೆ ಹಾಕಿಕೊಂಡು ಮುಂದೆಯೇ ಕುಳಿತಿದ್ದರು. ಮೈಕಿನ ಮುಂದೆ ನಿಂತಾಗ ಹಳೇ ಚಟ ಎದ್ದು ಬಂತು. "ಬಂಧುಗಳೇ, ಫ್ರಾನ್ಸ್ ದೇಶದಲ್ಲಿ..." ಎಂದು ಶುರುಮಾಡಿದೆ.

"ತಮ್ಮಾ, ಗೂಟ ಸೊಟ್ಟ ಆತು!"

ಮೈಕಿಗಿಂತ ದೊಡ್ಡ ದನಿ, ತಾರವ್ವನದು. ಮುಂದಿನ ಸಾಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬೇರೆ ತಾಲೂಕಿನವರಿಗೆ ಏನೂ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ನಾನು ನಿಲ್ಲಿಸಿದೆ. ಆ ಗೂಟ ಕಿತ್ತೆ. ನೂಲದಿಂದ, ಭೂಪಾಲನ ಬಾವಿಯ ಹತ್ತಿರದ ಪಟ್ಟಿಯಿಂದ ಮತ್ತೆ ಶುರುಮಾಡಿದೆ. ಈ ಸಲ ಅವಳು ಬಡಿಗೆ ಕೆಳಗಿಟ್ಟು, ಕಾಲು ಚಾಚಿ ಕುಳಿತು, ಕೊನೆಯವರೆಗೆ ಕೇಳಿದಳು.